ಕೃಪಾಶರಣ ಮಹಾಸ್ಥವಿರ: ವಲಸೆ, ಮಹಾನಗರ ಮತ್ತು ಬಂಗಾಳಿ ಬೌದ್ಧ ಅಸ್ಮಿತೆ

೧

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಕಲ್ಕತ್ತದಲ್ಲಿ ಬೌದ್ಧಧರ್ಮವು ಎರಡು ಕಡೆಗಳಲ್ಲಿ ನೆಲೆಸಿತ್ತು. ಒಂದು, ವಸ್ತುಸಂಗ್ರಹಾಲಯ ಮತ್ತು ವಿದ್ವತ್ ಸಂಸ್ಥೆಗಳ ಆವರಣ. ೧೮೭೩ರಲ್ಲಿ ಅಲೆಗ್ಸಾಂಡರ್ ಕನ್ನಿಂಗ್‌ಹ್ಯಾಮ್ ಗುರುತಿಸಿದ ಭಾರ್ಹುತ್ ಸ್ತೂಪದ ಕಟಾಂಜನಗಳು ಅನಂತರ ಈ ನಗರದ ಇಂಡಿಯನ್ ಮ್ಯೂಸಿಯಮ್ ಸೇರಿದವು. ರಾಜೇಂದ್ರಲಾಲ್ ಮಿತ್ರ ಅವರು ೧೮೭೮ರಲ್ಲಿ ಬೋಧಗಯೆಯನ್ನು ಕುರಿತೂ ೧೮೮೨ರಲ್ಲಿ ನೇಪಾಳದ ಸಂಸ್ಕೃತ ಬೌದ್ಧ ಸಾಹಿತ್ಯವನ್ನು ಕುರಿತೂ ಗ್ರಂಥಗಳನ್ನು ಪ್ರಕಟಿಸಿದರು. ಎರಡನೆಯ ಆಂಗ್ಲೋ-ಬರ್ಮಾ ಯುದ್ಧದ ತರುವಾಯ ಪ್ರೋಮ್ ಪಟ್ಟಣದಿಂದ ಕಳಚಿ ತಂದ ಮರದ ಪಗೋಡವೊಂದು ೧೮೫೬ರಿಂದ ಈಡನ್ ಉದ್ಯಾನದಲ್ಲಿ ವಿಜಯದ ಕುರುಹಾಗಿ ನಿಂತಿತ್ತು. ಇಲ್ಲೆಲ್ಲ ಬೌದ್ಧಧರ್ಮವೆಂದರೆ ಗತಿಸಿಹೋದ ವೈಭವ, ಇಲ್ಲವೇ ಗೆದ್ದು ತಂದ ವಸ್ತು.

ಇನ್ನೊಂದು ನೆಲೆ ಐರೋಪ್ಯರ ಬಂಗಲೆಗಳ ಹಿಂಬದಿಯ ಅಡುಗೆಮನೆ. ಪೂರ್ವ ಬಂಗಾಳದ ಚಿತ್ತಗಾಂಗ್ ಜಿಲ್ಲೆಯಿಂದ ಕೂಲಿಗಾಗಿ ಬಂದ ಬೌದ್ಧರು ಸಾಹೇಬರ ಮನೆಗಳಲ್ಲಿ, ಕ್ಲಬ್ಬುಗಳಲ್ಲಿ, ಹೋಟೆಲುಗಳಲ್ಲಿ ಅಡುಗೆಯವರಾಗಿ ದುಡಿಯುತ್ತಿದ್ದರು. ನಗರವು ಇವರನ್ನು ಬೌದ್ಧರೆಂದು ಗುರುತಿಸಲಿಲ್ಲ. 'ಮಗ್' ಅಡುಗೆಯವರೆಂದು ಗುರುತಿಸಿತು. ಮ್ಯೂಸಿಯಮ್ಮಿನ ಬುದ್ಧನನ್ನು ಹೊಗಳುತ್ತಿದ್ದ ಸಮಾಜಕ್ಕೆ ತನ್ನ ಮನೆಗೆಲಸದವನೂ ಅದೇ ಬುದ್ಧನ ಶರಣು ಹೋದವನೆಂಬ ಸಂಗತಿ ಅರಿವಿಗೆ ಬಂದಿರಲಿಲ್ಲ. ಈ ಎರಡು ನೆಲೆಗಳ ನಡುವಣ ಅಂತರವನ್ನು ತುಂಬುವ ಕೆಲಸಕ್ಕೆ ತಮ್ಮ ನಲವತ್ತು ವರ್ಷಗಳನ್ನು ತೆತ್ತವರು ಕೃಪಾಶರಣ ಮಹಾಸ್ಥವಿರರು (೧೮೬೫–೧೯೨೬). ಆಧುನಿಕ ಭಾರತದಲ್ಲಿ ಬೌದ್ಧಧರ್ಮದ ಪುನರುತ್ಥಾನವನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಅನಾಗಾರಿಕ ಧರ್ಮಪಾಲರಿಂದ ಆರಂಭವಾಗಿ ಅಂಬೇಡ್ಕರ್ ಅವರಲ್ಲಿ ಪರ್ಯವಸಾನಗೊಳ್ಳುತ್ತವೆ. ವಲಸೆ ಬಂದ ದುಡಿಯುವ ಸಮುದಾಯವೊಂದನ್ನು ಅದರ ಒಳಗಿನಿಂದಲೇ ಕಟ್ಟಿದ ಕೃಪಾಶರಣರ ಬದುಕು ಈ ಎರಡು ಕೊನೆಗಳ ನಡುವೆ ಮರೆಯಾಗಿಬಿಡುತ್ತದೆ.

೨

ಕೃಪಾಶರಣರು ಹುಟ್ಟಿದ್ದು ೧೮೬೫ರ ಜೂನ್ ೨೨ರಂದು, ಚಿತ್ತಗಾಂಗ್ ಜಿಲ್ಲೆಯ ಪಟಿಯಾ ಪ್ರದೇಶದ ಉನಾಯಿನ್‌ಪುರ ಎಂಬ ಹಳ್ಳಿಯಲ್ಲಿ. ಬಡ ಬರುವಾ ಕುಟುಂಬ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗ ಅನ್ಯರ ಮನೆಯಲ್ಲಿ ದುಡಿದು ಹೊಟ್ಟೆ ಹೊರೆಯಬೇಕಾಯಿತು. ವಿಧಿವತ್ತಾದ ಶಾಲಾ ಶಿಕ್ಷಣ ದೊರೆತದ್ದು ಬಹಳ ಕಡಿಮೆ. ಮುಂದೆ ವಿಶ್ವವಿದ್ಯಾಲಯದ ವಿದ್ವಾಂಸರೊಂದಿಗೆ ಸರಿಸಮನಾಗಿ ಕುಳಿತು ಸಮುದಾಯದ ಪರವಾಗಿ ಮಾತನಾಡಿದ ವ್ಯಕ್ತಿಯ ಆರಂಭ ಇಂಥದು ಎಂಬುದನ್ನು ನೆನಪಿನಲ್ಲಿಡಬೇಕು. ಶಿಕ್ಷಣದ ಬಗೆಗೆ ಅವರಿಗಿದ್ದ ಹಂಬಲದ ಬೇರು ಇಲ್ಲಿಯೇ ಇದೆ.

ಚಿತ್ತಗಾಂಗ್ ಆಡಳಿತದ ದೃಷ್ಟಿಯಿಂದ ಬಂಗಾಳಕ್ಕೆ ಸೇರಿದ್ದರೂ ಸಾಂಸ್ಕೃತಿಕವಾಗಿ ಬಂಗಾಳ ಮತ್ತು ಅರಾಕಾನಗಳ ಗಡಿನಾಡು. ೧೬೬೬ರಲ್ಲಿ ಮೊಗಲರು ಅದನ್ನು ಅರಾಕಾನಿನ ಅರಸರಿಂದ ಗೆದ್ದುಕೊಂಡರು; ೧೭೬೦ರಲ್ಲಿ ಅದು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಬೆಟ್ಟಗಳಲ್ಲಿ ಚಕ್ಮಾ, ಮಾರ್ಮಾ ಮೊದಲಾದ ಬೌದ್ಧ ಬುಡಕಟ್ಟುಗಳು. ಬಯಲಿನಲ್ಲಿ ಬಂಗಾಳಿಯ ಸ್ಥಳೀಯ ಪ್ರಭೇದವನ್ನು ಮಾತನಾಡುವ ಬರುವಾ ಬೌದ್ಧರು. ನಾಲ್ಕೂ ಕಡೆ ಹಿಂದೂ ಮತ್ತು ಮುಸ್ಲಿಮ್ ಸಮುದಾಯಗಳಿಂದ ಆವೃತರಾಗಿದ್ದ ಬರುವಾಗಳ ಧಾರ್ಮಿಕ ಆಚರಣೆಯೂ ಮಿಶ್ರವಾಗಿತ್ತು. ಬುದ್ಧಪೂಜೆಯ ಜೊತೆಗೆ ದುರ್ಗೆ, ಲಕ್ಷ್ಮಿ, ಶನಿ ಮೊದಲಾದ ದೇವತೆಗಳ ಆರಾಧನೆ ನಡೆಯುತ್ತಿತ್ತು. 'ರಾವುಲಿ' ಎಂದು ಕರೆಯಲಾಗುತ್ತಿದ್ದ ಪುರೋಹಿತರು ಕಾಷಾಯ ಧರಿಸುತ್ತಿದ್ದರೂ ವಿನಯಪಿಟಕದ ನಿಯಮಗಳೊಂದಿಗೆ ಅವರ ಸಂಬಂಧ ಸಡಿಲವಾಗಿತ್ತು.

ಈ ಸ್ಥಿತಿ ಬದಲಾಗತೊಡಗಿದ್ದು ೧೮೫೬ರಲ್ಲಿ ಅರಾಕಾನಿನ ಭಿಕ್ಷು ಸಾರಮೇಧ ಮಹಾಸ್ಥವಿರರು ಚಿತ್ತಗಾಂಗಿಗೆ ಬಂದ ಮೇಲೆ. ಚಕ್ಮಾ ರಾಣಿ ಕಾಳಿಂದಿಯ ಆಶ್ರಯವೂ ಅವರಿಗೆ ದೊರೆಯಿತು. ೧೮೬೪ರಲ್ಲಿ ಅವರು ಸ್ಥಳೀಯ ಭಿಕ್ಷುಗಳಿಗೆ ಥೇರವಾದದ ಕ್ರಮದಲ್ಲಿ ಹೊಸದಾಗಿ ಉಪಸಂಪದೆ ನೀಡಿದರು. ಇದನ್ನು ಒಪ್ಪಿದವರು ಸಂಘರಾಜ ನಿಕಾಯವೆಂದೂ ಹಳೆಯ ದೀಕ್ಷೆಯನ್ನೇ ಉಳಿಸಿಕೊಂಡವರು ಮಹಾಸ್ಥವಿರ ನಿಕಾಯವೆಂದೂ ಎರಡು ಪಂಗಡಗಳಾದರು. ಈ ಸುಧಾರಣೆ ಬಂದದ್ದು ಐರೋಪ್ಯ ಪ್ರಾಚ್ಯವಿದ್ವಾಂಸರಿಂದಲ್ಲ, ನೆರೆಯ ಅರಾಕಾನಿನಿಂದ ಎಂಬುದು ಮಹತ್ವದ ಸಂಗತಿ. ವಸಾಹತುಶಾಹಿ ಜ್ಞಾನವೇ ಭಾರತೀಯರಿಗೆ ಬುದ್ಧನನ್ನು ಮರಳಿ ಕೊಟ್ಟಿತೆಂಬ ನಿರೂಪಣೆಯು ಚಿತ್ತಗಾಂಗಿನ ಮಟ್ಟಿಗೆ ಪೂರ್ಣ ಸತ್ಯವಲ್ಲ.

ಕೃಪಾಶರಣರು ಹುಟ್ಟಿದ್ದು ಈ ಸುಧಾರಣೆಯ ಮರುವರ್ಷ; ಬೆಳೆದದ್ದು ಅದರ ಗಾಳಿಯಲ್ಲಿ. ಹದಿನಾರರ ಪ್ರಾಯದಲ್ಲಿ ಶ್ರಾಮಣೇರ ದೀಕ್ಷೆ ಪಡೆದರು. ಇಪ್ಪತ್ತರಲ್ಲಿ ಸಂಘರಾಜ ಪರಂಪರೆಯ ಹಿರಿಯರಾದ ಆಚಾರ್ಯ ಪೂರ್ಣಾಚಾರ ಚಂದ್ರಮೋಹನ ಮಹಾಸ್ಥವಿರರಿಂದ ಉಪಸಂಪದೆ ಪಡೆದು ಭಿಕ್ಷುಸಂಘವನ್ನು ಸೇರಿದರು. ಭಿಕ್ಷುವಾಗಿ ಅವರಿಗೆ ಚಂದ್ರಜ್ಯೋತಿ ಎಂಬ ಹೆಸರು ಬಂದರೂ ಜನ ಕೊನೆಯವರೆಗೂ ಕೃಪಾಶರಣ ಎಂದೇ ಕರೆದರು. ಆಚಾರ್ಯರೊಂದಿಗೆ ಬೋಧಗಯೆಗೆ ಹೋದಾಗ ಅಲ್ಲಿನ ಪಾಳುಸ್ಥಿತಿಯನ್ನು ಕಂಡು ಧರ್ಮದ ಪುನರುಜ್ಜೀವನಕ್ಕೆ ಬದುಕನ್ನು ಮುಡಿಪಿಡುವ ಸಂಕಲ್ಪ ಮಾಡಿದರೆಂದು ಸಮುದಾಯದ ಪರಂಪರೆ ನೆನೆಯುತ್ತದೆ. ೧೮೮೬ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಅವರು ಕಲ್ಕತ್ತಕ್ಕೆ ಬಂದು ನೆಲೆಸಿದರು.

೩

ಭಿಕ್ಷುವೊಬ್ಬ ಅರಣ್ಯವನ್ನೋ ಹಳ್ಳಿಯ ವಿಹಾರವನ್ನೋ ಬಿಟ್ಟು ಬ್ರಿಟಿಷ್ ಭಾರತದ ರಾಜಧಾನಿಯನ್ನು ಆರಿಸಿಕೊಂಡದ್ದಕ್ಕೆ ಕಾರಣ ಸ್ಪಷ್ಟವಾಗಿದೆ. ಅವರ ಜನ ಅಲ್ಲಿದ್ದರು. ಭೂಮಿಯ ಅಭಾವ ಮತ್ತು ಬಡತನ ಬರುವಾ ಯುವಕರನ್ನು ನಗರಕ್ಕೆ ನೂಕುತ್ತಿದ್ದವು; ಐರೋಪ್ಯರ ಅಡುಗೆಮನೆ ಅವರನ್ನು ಸೆಳೆಯುತ್ತಿತ್ತು. ಮೇಲ್ಜಾತಿಯ ಹಿಂದೂ ಬಾಣಸಿಗ ಗೋಮಾಂಸವನ್ನು ಮುಟ್ಟುವಂತಿರಲಿಲ್ಲ. ಮುಸ್ಲಿಮ್ ಬಾಣಸಿಗ ಹಂದಿಮಾಂಸವನ್ನು ಮುಟ್ಟುವಂತಿರಲಿಲ್ಲ. ಈ ಎರಡು ನಿಷೇಧಗಳೂ ಇಲ್ಲದ ಬೌದ್ಧ ಅಡುಗೆಯವನು ಸಾಹೇಬರ ಮೇಜಿಗೆ ಅನುಕೂಲನಾಗಿದ್ದ. ಹೀಗೆ ಯಾವ ಧಾರ್ಮಿಕ ಭಿನ್ನತೆ ಅವನಿಗೆ ಉದ್ಯೋಗವನ್ನು ದೊರಕಿಸಿಕೊಟ್ಟಿತೋ ಅದೇ ಭಿನ್ನತೆ ಸವರ್ಣ ಸಮಾಜದ ಕಣ್ಣಿನಲ್ಲಿ ಅವನನ್ನು ಕೀಳಾಗಿಸಿತು. ಪ್ರಾಣಿಹಿಂಸೆಯನ್ನು ನಿಷೇಧಿಸುವ ಪಂಚಶೀಲವನ್ನು ಸ್ವೀಕರಿಸಿದವರು ಮಾಂಸದ ಅಡುಗೆಯಿಂದ ಜೀವನ ಸಾಗಿಸಬೇಕಾದ ಒಳಸಂಕಟವೂ ಇದರೊಂದಿಗೆ ಸೇರಿಕೊಂಡಿತ್ತು.

'ಮಗ್' ಎಂಬ ಹೆಸರಿನ ಭಾರ ಇನ್ನೂ ದೊಡ್ಡದು. ಹದಿನಾರು ಮತ್ತು ಹದಿನೇಳನೆಯ ಶತಮಾನಗಳಲ್ಲಿ ಅರಾಕಾನಿನ ಕಡಲುಗಳ್ಳರು ಪೋರ್ಚುಗೀಸರೊಂದಿಗೆ ಸೇರಿ ಬಂಗಾಳದ ನದೀಮುಖಜ ಪ್ರದೇಶಗಳನ್ನು ಸೂರೆಗೈದ ನೆನಪು ಬಂಗಾಳಿ ಭಾಷೆಯಲ್ಲಿ ನುಡಿಗಟ್ಟಾಗಿ ಉಳಿದಿದೆ. 'ಮಗೇರ್ ಮುಲ್ಲುಕ್', ಅಂದರೆ ಮಗರ ನಾಡು, ಎಂಬುದು ಅರಾಜಕತೆಗೆ ಪರ್ಯಾಯಪದ. ಬಯಲಿನ ಬರುವಾಗಳು ಭಾಷೆಯಲ್ಲಿ, ಉಡುಗೆಯಲ್ಲಿ, ಬದುಕಿನ ಕ್ರಮದಲ್ಲಿ ಬಂಗಾಳಿಗಳೇ ಆಗಿದ್ದರೂ ಬೌದ್ಧರೆಂಬ ಕಾರಣದಿಂದ ಈ ಹೆಸರು ಅವರಿಗೂ ಅಂಟಿಕೊಂಡಿತು. ಎಚ್. ಎಚ್. ರಿಸ್ಲೆಯವರು ೧೮೯೧ರಲ್ಲಿ ಪ್ರಕಟಿಸಿದ ಬಂಗಾಳದ ಬುಡಕಟ್ಟು ಮತ್ತು ಜಾತಿಗಳ ಕೋಶವು ಮಗ್ ಎಂಬ ಒಂದೇ ಶೀರ್ಷಿಕೆಯಡಿ ಬೆಟ್ಟದವರನ್ನೂ ಬಯಲಿನವರನ್ನೂ ತಂದಿತು. ಜನಬಳಕೆಯ ತಾತ್ಸಾರಕ್ಕೆ ಹೀಗೆ ಜನಾಂಗವಿಜ್ಞಾನದ ಮುದ್ರೆಯೂ ಬಿದ್ದಿತು. ಬರುವಾಗಳು ಇದಕ್ಕೆ ಎರಡು ಬಗೆಯಲ್ಲಿ ಉತ್ತರಿಸಿದರು. ಕೆಲವರು ಮಗ್ ಪದವನ್ನು ಮಗಧಕ್ಕೆ ಜೋಡಿಸಿ ತಾವು ಬುದ್ಧನ ನಾಡಿನಿಂದ ಪೂರ್ವಕ್ಕೆ ಬಂದವರ ಸಂತತಿಯೆಂದು ವಾದಿಸಿದರು. ಮತ್ತೆ ಕೆಲವರು ಆ ಹೆಸರನ್ನೇ ತೊರೆದು ಬಂಗಾಳಿ ಬೌದ್ಧರೆಂಬ ಹೊಸ ಹೆಸರನ್ನು ಮುಂದಿಟ್ಟರು. ವ್ಯುತ್ಪತ್ತಿಯ ಸತ್ಯಾಸತ್ಯತೆಗಿಂತ ಅದರ ಹಿಂದಿನ ಒತ್ತಾಸೆ ಇಲ್ಲಿ ಮುಖ್ಯ. ವಲಸಿಗನೊಬ್ಬ ನಗರದಲ್ಲಿ ತಲೆಯೆತ್ತಿ ನಿಲ್ಲಲು ತನ್ನದೇ ಆದ ಪೂರ್ವಕಥನವೊಂದನ್ನು ಕಟ್ಟಿಕೊಳ್ಳಬೇಕಾಗುತ್ತದೆ.

ಕೃಪಾಶರಣರು ಬಂದಾಗ ಚಿತ್ತಗಾಂಗಿನ ಬೌದ್ಧರಿಗೆ ಕಲ್ಕತ್ತದಲ್ಲಿ ಸ್ವಂತ ವಿಹಾರವಿರಲಿಲ್ಲ. ಬಹುಬಜಾರಿನ ಮಲಂಗಾ ಓಣಿಯ ಬಾಡಿಗೆ ಮನೆಯೊಂದು 'ಮಹಾನಗರ ವಿಹಾರ' ಎಂಬ ಹೆಸರಿನಲ್ಲಿ ಅವರ ಉಪೋಸಥಕ್ಕೂ ಪೂರ್ಣಿಮೆಯ ಪೂಜೆಗೂ ನೆರವಾಗುತ್ತಿತ್ತು. ಬಹುಬಜಾರ್ ಪ್ರದೇಶದ ಸ್ವರೂಪವೂ ಗಮನಾರ್ಹ. ಬಂಗಾಳಿ ಹಿಂದೂಗಳು, ಮುಸ್ಲಿಮರು, ಆಂಗ್ಲೋ-ಇಂಡಿಯನ್ನರು ಅಲ್ಲಿ ಒತ್ತೊತ್ತಾಗಿ ಬದುಕುತ್ತಿದ್ದರು. ತುಸು ದೂರದಲ್ಲೇ ಟಿರೆಟ್ಟಾ ಬಜಾರಿನ ಚೀನಿಯರ ಕೇರಿ. ಅಲ್ಲಿನ ಚೀನೀ ದೇಗುಲಗಳನ್ನು ನಗರದ ಜನ ಇಂದಿಗೂ 'ಚರ್ಚ್' ಎಂದೇ ಕರೆಯುತ್ತಾರೆ. ತನಗೆ ಪರಿಚಿತವಲ್ಲದ ಧರ್ಮವನ್ನು ಪರಿಚಿತ ಹೆಸರಿನಿಂದ ಕರೆದು ಅರಗಿಸಿಕೊಳ್ಳುವ ನಗರದ ಪ್ರವೃತ್ತಿಗೆ ಇದೊಂದು ನಿದರ್ಶನ. ಅಡುಗೆಯವನೆಂಬ ಹೆಸರಿನಲ್ಲಿ ಬೌದ್ಧನು ಮರೆಯಾದದ್ದೂ ಇಂಥದೇ ಪ್ರವೃತ್ತಿಯಿಂದ.

೪

೧೮೯೨ನೆಯ ಇಸವಿ ಕಲ್ಕತ್ತದ ಬೌದ್ಧ ಚರಿತ್ರೆಯಲ್ಲಿ ನಿರ್ಣಾಯಕವಾದುದು. ಹಿಂದಿನ ವರ್ಷ ಕೊಲಂಬೊದಲ್ಲಿ ಮಹಾಬೋಧಿ ಸೊಸೈಟಿಯನ್ನು ಸ್ಥಾಪಿಸಿದ್ದ ಅನಾಗಾರಿಕ ಧರ್ಮಪಾಲರು ಅದರ ಕಾರ್ಯಕೇಂದ್ರವನ್ನು ಕಲ್ಕತ್ತಕ್ಕೆ ತಂದು ಇಂಗ್ಲಿಷ್ ಪತ್ರಿಕೆಯೊಂದನ್ನು ಆರಂಭಿಸಿದರು. ಟಿಬೆಟ್ ಯಾತ್ರೆಯಿಂದ ಖ್ಯಾತರಾದ, ಚಿತ್ತಗಾಂಗಿನಲ್ಲೇ ಹುಟ್ಟಿದ ಹಿಂದೂ ವಿದ್ವಾಂಸ ಶರತ್‌ಚಂದ್ರ ದಾಸ್ ಅವರು ಬುದ್ಧಿಸ್ಟ್ ಟೆಕ್ಸ್ಟ್ ಸೊಸೈಟಿಯನ್ನು ಕಟ್ಟಿದರು. ಅದೇ ವರ್ಷದ ಅಕ್ಟೋಬರ್ ೫ರಂದು, ಭಿಕ್ಷುಗಳ ವರ್ಷಾವಾಸ ಮುಗಿಯುವ ಆಶ್ವಿನ ಪೂರ್ಣಿಮೆಯ ಸಂದರ್ಭದಲ್ಲಿ, ಕೃಪಾಶರಣರು 'ಬೌದ್ಧ ಧರ್ಮಾಂಕುರ ಸಭೆ'ಯನ್ನು ಸ್ಥಾಪಿಸಿದರು. ಇಂಗ್ಲಿಷಿನಲ್ಲಿ ಇದು ಬೆಂಗಾಲ್ ಬುದ್ಧಿಸ್ಟ್ ಅಸೋಸಿಯೇಷನ್ ಎಂದು ಹೆಸರಾಯಿತು.

ಈ ಮೂರು ಸಂಸ್ಥೆಗಳ ದಿಕ್ಕು ಬೇರೆ ಬೇರೆ. ಟೆಕ್ಸ್ಟ್ ಸೊಸೈಟಿಯ ಆಸಕ್ತಿ ಹಸ್ತಪ್ರತಿಗಳಲ್ಲಿ. ಮಹಾಬೋಧಿ ಸೊಸೈಟಿಯ ದೃಷ್ಟಿ ಬೋಧಗಯೆಯ ಮೇಲೆ. ಅದರ ಭಾಷೆ ಇಂಗ್ಲಿಷ್. ಅದರ ಸಂಪರ್ಕಜಾಲ ಏಷ್ಯಾ, ಯೂರೋಪ್, ಅಮೆರಿಕಗಳವರೆಗೆ ಹಬ್ಬಿದ್ದು. ಧರ್ಮಾಂಕುರ ಸಭೆಯ ಕಣ್ಣು ಬಿದ್ದದ್ದು ಜೀವಂತ ಮನುಷ್ಯರ ಮೇಲೆ. ಊರು ಬಿಟ್ಟು ಬಂದ ಅಡುಗೆಯವನು ಕಾಯಿಲೆ ಬಿದ್ದಾಗ, ಸತ್ತಾಗ, ಮದುವೆಯಾದಾಗ, ಮಗನನ್ನು ಓದಿಸಬೇಕೆಂದಾಗ ಯಾರ ಬಳಿಗೆ ಹೋಗಬೇಕು ಎಂಬುದು ಅದರ ಮೂಲಪ್ರಶ್ನೆ. 'ಅಂಕುರ' ಎಂಬ ಪದದ ಆಯ್ಕೆಯೂ ಅರ್ಥಪೂರ್ಣ. ಧರ್ಮ ಅಳಿದಿಲ್ಲ, ಬೇರಿನಲ್ಲಿ ಜೀವವಿದೆ, ಈಗ ಮೊಳಕೆಯೊಡೆಯುತ್ತಿದೆ ಎಂಬ ನಂಬಿಕೆ ಅದರಲ್ಲಿದೆ. ಹರಪ್ರಸಾದ ಶಾಸ್ತ್ರಿಗಳು ೧೮೯೭ರಲ್ಲಿ ಬಂಗಾಳದ ಜೀವಂತ ಬೌದ್ಧಧರ್ಮವನ್ನು ಶೋಧಿಸಿದೆನೆಂದು ಪ್ರಕಟಿಸಿದ ಕೃತಿಯಲ್ಲಿ ಧರ್ಮಠಾಕುರನೆಂಬ ಗ್ರಾಮದೇವತೆಯ ಆರಾಧನೆಯನ್ನು ಬೌದ್ಧಧರ್ಮದ ಅವಶೇಷವಾಗಿ ಗುರುತಿಸಿದರು. ಆ ಶೋಧ ನಡೆದ ನಗರದಲ್ಲೇ ತಮ್ಮನ್ನು ಬೌದ್ಧರೆಂದೇ ಕರೆದುಕೊಳ್ಳುತ್ತಿದ್ದ ಸಮುದಾಯವೊಂದು ಐದು ವರ್ಷಗಳ ಹಿಂದೆಯೇ ಸಭೆ ಕಟ್ಟಿತ್ತು ಎಂಬುದು ವಿದ್ವತ್ತಿಗೂ ಸಮಾಜಕ್ಕೂ ಇದ್ದ ಅಂತರವನ್ನು ಸೂಚಿಸುತ್ತದೆ.

ಸಭೆಗೆ ಬಂಡವಾಳವಿರಲಿಲ್ಲ. ಕೃಪಾಶರಣರು ಅದನ್ನು ಕಟ್ಟಿದ್ದು ಭಿಕ್ಷುವಿಗೆ ಸಹಜವಾದ ಭಿಕ್ಷಾಟನೆಯಿಂದಲೇ. ಅಡುಗೆಯವರ, ಆಳುಗಳ, ಸಣ್ಣ ನೌಕರರ ಬಿಡಾರಗಳಿಗೆ ಹೋಗಿ ಅವರ ಸಂಬಳದ ಅಲ್ಪಾಂಶವನ್ನು ದಾನವಾಗಿ ಕೂಡಿಸಿದರು. ೧೯೦೦ರ ಸುಮಾರಿಗೆ ಬಹುಬಜಾರಿನ ಲಲಿತಮೋಹನ ದಾಸ್ ಓಣಿಯಲ್ಲಿ ಸಣ್ಣದೊಂದು ನಿವೇಶನ ಕೊಂಡದ್ದಾಯಿತು. ೧೯೦೩ರಲ್ಲಿ ಅಲ್ಲಿ ಧರ್ಮಾಂಕುರ ವಿಹಾರ ತಲೆಯೆತ್ತಿತು. ಈಗ ಆ ರಸ್ತೆಯ ಹೆಸರು ಬುದ್ಧಿಸ್ಟ್ ಟೆಂಪಲ್ ಸ್ಟ್ರೀಟ್. ಬಾಡಿಗೆ ಮನೆಯಿಂದ ಸ್ವಂತ ಕಟ್ಟಡಕ್ಕೆ ಸಾಗಿದ ಈ ಹತ್ತು ಹನ್ನೆರಡು ವರ್ಷಗಳ ಹಾದಿ ವಲಸೆಗಾರರು ನಿವಾಸಿಗಳಾಗಿ ಮಾರ್ಪಟ್ಟ ಹಾದಿಯೂ ಹೌದು. ನಗರದ ನಕಾಶೆಯಲ್ಲಿ ರಸ್ತೆಯೊಂದು ಬೌದ್ಧ ದೇಗುಲದ ಹೆಸರು ಪಡೆಯುವುದೆಂದರೆ ಆ ಸಮುದಾಯ ಇಲ್ಲಿದೆ ಎಂದು ನಗರವೇ ಒಪ್ಪಿಕೊಂಡಂತೆ.

ವಿಹಾರವು ಪೂಜಾಸ್ಥಳ ಮಾತ್ರವಾಗಿರಲಿಲ್ಲ. ಊರಿನಿಂದ ಹೊಸದಾಗಿ ಬಂದವರಿಗೆ ತಂಗುದಾಣ, ಕಾಲೇಜು ಓದುವ ಬಡ ವಿದ್ಯಾರ್ಥಿಗಳಿಗೆ ವಸತಿ, ದೇಶವಿದೇಶಗಳ ಭಿಕ್ಷುಗಳಿಗೆ ಅತಿಥಿಗೃಹ. ಅದಕ್ಕೆ ಗುಣಾಲಂಕಾರ ಗ್ರಂಥಾಲಯ ಸೇರಿಕೊಂಡಿತು. ಹಗಲೆಲ್ಲ ದುಡಿಯುವವರಿಗಾಗಿ ರಾತ್ರಿಯ ತರಗತಿಗಳು ನಡೆದವು. ಮಹಿಳೆಯರ ಸಮ್ಮೇಳನವೂ ರೂಪುಗೊಂಡಿತು. ೧೯೦೮ರಲ್ಲಿ 'ಜಗಜ್ಜ್ಯೋತಿ' ಎಂಬ ಬಂಗಾಳಿ ಮಾಸಪತ್ರಿಕೆ ಗುಣಾಲಂಕಾರ ಸ್ಥವಿರ ಮತ್ತು ಶ್ರಮಣ ಪುಣ್ಣಾನಂದರ ಸಂಪಾದಕತ್ವದಲ್ಲಿ ಹೊರಬಂದಿತು.

ಪತ್ರಿಕೆಯ ಭಾಷೆಯ ಆಯ್ಕೆಯನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು. ಚಿತ್ತಗಾಂಗಿನ ಆಡುಮಾತು ಕಲ್ಕತ್ತದ ಶಿಷ್ಟ ಬಂಗಾಳಿಯಿಂದ ಬಹುದೂರ. ಸಂಘದ ಶಾಸ್ತ್ರಭಾಷೆ ಪಾಲಿ. ದೀಕ್ಷಾಪರಂಪರೆಯ ಸಂಬಂಧ ಅರಾಕಾನಿನೊಂದಿಗೆ. ಅಧಿಕಾರದ ಭಾಷೆ ಇಂಗ್ಲಿಷ್. ಇವೆಲ್ಲವುಗಳ ನಡುವೆ ಸಭೆ ಆರಿಸಿಕೊಂಡದ್ದು ಶಿಷ್ಟ ಬಂಗಾಳಿಯನ್ನು. ಬೌದ್ಧರಾಗಿರುವುದಕ್ಕೆ ಬರ್ಮೀಯರೋ ಸಿಂಹಳೀಯರೋ ಆಗಬೇಕಾಗಿಲ್ಲ, ಬಂಗಾಳಿಯಾಗಿದ್ದುಕೊಂಡೇ ಬೌದ್ಧನಾಗಿರಬಹುದು ಎಂಬ ನಿಲುವು ಈ ಆಯ್ಕೆಯಲ್ಲಿದೆ. ಧರ್ಮವನ್ನು ಜನಾಂಗದಿಂದ ಬಿಡಿಸಿ ಭಾಷೆಯೊಂದಿಗೆ ಕೂಡಿಸುವ ಈ ಕ್ರಮ ಮಗ್ ಎಂಬ ಹಣೆಪಟ್ಟಿಗೆ ಕೊಟ್ಟ ಅತ್ಯಂತ ಪರಿಣಾಮಕಾರಿಯಾದ ಉತ್ತರ. ಇದರಲ್ಲಿ ತೆತ್ತದ್ದೂ ಇದೆ. ಚಿತ್ತಗಾಂಗಿನ ಆಡುಮಾತಿಗೆ ಸಭೆಯ ಮುದ್ರಿತ ಬದುಕಿನಲ್ಲಿ ಸ್ಥಾನ ದೊರೆಯಲಿಲ್ಲ. ಬೆಟ್ಟದ ಬೌದ್ಧರೊಂದಿಗಿನ ಹಳೆಯ ನಂಟಿಗಿಂತ ಕಲ್ಕತ್ತದ ಭದ್ರಲೋಕದೊಂದಿಗಿನ ಹೊಸ ನಂಟು ಮುಂದೆ ಬಂದಿತು.

೫

ಕೃಪಾಶರಣರ ಸಂಘಟನೆ ಕಲ್ಕತ್ತಕ್ಕೆ ಸೀಮಿತವಾಗಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಕಾಲುಭಾಗದಲ್ಲಿ ಲಖನೌ, ಸಿಮ್ಲಾ, ಡಾರ್ಜಿಲಿಂಗ್, ಶಿಲಾಂಗ್, ದಿಬ್ರುಗಢ, ರಾಂಚಿ, ಜಮ್‌ಷೆಡ್‌ಪುರಗಳಲ್ಲಿ ಸಭೆಯ ಶಾಖೆಗಳು ಸ್ಥಾಪನೆಗೊಂಡವು. ಈ ಪಟ್ಟಿಯನ್ನು ಮೇಲ್ನೋಟಕ್ಕೆ ಕಂಡರೆ ಧರ್ಮಪ್ರಚಾರದ ನಕಾಶೆಯೆನಿಸುತ್ತದೆ. ಆದರೆ ಬುದ್ಧನ ಚರಿತ್ರೆಯೊಂದಿಗೆ ನೇರ ಸಂಬಂಧವುಳ್ಳ ಲುಂಬಿನಿ, ಸಾರನಾಥ, ಕುಶಿನಗರಗಳು ಇದರಲ್ಲಿಲ್ಲ. ಇರುವುದು ಗಿರಿಧಾಮಗಳು, ದಂಡುಪ್ರದೇಶಗಳು, ಚಹಾ ತೋಟದ ಸೀಮೆ, ಉಕ್ಕಿನ ಕಾರ್ಖಾನೆಯ ಪಟ್ಟಣ. ಬೇಸಿಗೆಯಲ್ಲಿ ಸಾಹೇಬರು ಬೆಟ್ಟ ಹತ್ತಿದರೆ ಅವರ ಅಡುಗೆಯವರೂ ಹಿಂದೆ ಹೋಗಬೇಕಾಗಿತ್ತು. ಹೊಸ ಕಾರ್ಖಾನೆ ಬಂದರೆ ಕೆಲಸ ಅರಸಿ ಹೋಗಬೇಕಾಗಿತ್ತು. ಅಂದರೆ ಧರ್ಮಾಂಕುರ ಸಭೆಯ ನಕಾಶೆ ದುಡಿಮೆಯ ನಕಾಶೆ. ಜನ ಹೋದಲ್ಲಿಗೆ ಭಿಕ್ಷು ಹೋದ. ಭಿಕ್ಷು ಹೋದಲ್ಲಿ ವಿಹಾರ ಎದ್ದಿತು.

ಆದರೂ ಈ ಜಾಲ ಬರುವಾಗಳನ್ನು ಮೀರಿ ಬೆಳೆಯಿತು ಎಂಬುದಕ್ಕೆ ಲಖನೌ ಸಾಕ್ಷಿ. ಬಂಗಾಳಿ ಬ್ರಾಹ್ಮಣ ಕುಟುಂಬದಿಂದ ಬಂದ ಬೋಧಾನಂದ ಮಹಾಸ್ಥವಿರರು (೧೮೭೪–೧೯೫೨) ೧೯೧೪ರಲ್ಲಿ ಕಲ್ಕತ್ತದಲ್ಲಿ ಕೃಪಾಶರಣರ ಸಂಪರ್ಕದಿಂದ ಭಿಕ್ಷುದೀಕ್ಷೆ ಪಡೆದು ಲಖನೌವನ್ನು ತಮ್ಮ ಕಾರ್ಯಕ್ಷೇತ್ರವಾಗಿಸಿಕೊಂಡರು. ಮುಂದೆ ಅವರು ಮೂಲಭಾರತವಾಸಿಗಳು ಮತ್ತು ಆರ್ಯರನ್ನು ಕುರಿತು ಹಿಂದಿಯಲ್ಲಿ ಬರೆದ ಕೃತಿ ಉತ್ತರ ಭಾರತದ ಆದಿಹಿಂದೂ ಚಿಂತನೆಗೆ ಪೋಷಕವಾಯಿತು. ಹೀಗೆ ಅಡುಗೆಯವರ ಸಭೆಯೊಂದರ ಎಳೆ ದಲಿತ ಬೌದ್ಧ ಚಿಂತನೆಯ ಪೂರ್ವರಂಗವನ್ನು ಮುಟ್ಟುತ್ತದೆ.

ಇದೇ ಅವಧಿಯಲ್ಲಿ ದಕ್ಷಿಣದಲ್ಲಿ ನಡೆದ ಬೆಳವಣಿಗೆಯನ್ನು ಇದರೊಂದಿಗೆ ಇಟ್ಟು ನೋಡಬಹುದು. ೧೮೯೮ರಲ್ಲಿ ಪಂಡಿತ ಅಯೋತಿದಾಸರು ಮದರಾಸಿನಲ್ಲಿ ಕಟ್ಟಿದ ಶಾಕ್ಯ ಬೌದ್ಧ ಸಂಘದ ಶಾಖೆಗಳು ಕೋಲಾರದ ಚಿನ್ನದ ಗಣಿಗಳ ಮಾರಿಕುಪ್ಪಂ, ಚಾಂಪಿಯನ್ ರೀಫ್ ಪ್ರದೇಶಗಳಲ್ಲಿ ತಮಿಳು ವಲಸೆ ಕಾರ್ಮಿಕರ ನಡುವೆ ಬೇರೂರಿದವು. ಎರಡೂ ಕಡೆ ಬೌದ್ಧಧರ್ಮವನ್ನು ಹೊತ್ತವರು ಊರು ಬಿಟ್ಟ ದುಡಿಯುವ ಜನ. ವ್ಯತ್ಯಾಸವೂ ಇದೆ. ಗಣಿಗಳ ಕಾರ್ಮಿಕರು ತಮ್ಮ ಪೂರ್ವಜರದೆಂದು ನಂಬಿದ ಧರ್ಮವನ್ನು ಮರಳಿ ಪಡೆದರು; ಚಿತ್ತಗಾಂಗಿನವರು ಕೈಬಿಡದೆ ಉಳಿಸಿಕೊಂಡು ಬಂದದ್ದನ್ನು ನಗರದೆದುರು ಘೋಷಿಸಿದರು. ಒಂದು ಕಡೆ ಜಾತಿಯಿಂದ ಬಿಡುಗಡೆ, ಇನ್ನೊಂದು ಕಡೆ ಅಜ್ಞಾತತೆಯಿಂದ ಬಿಡುಗಡೆ. ಎರಡರ ಹಿಂದಿನ ಘನತೆಯ ಹಸಿವು ಮಾತ್ರ ಒಂದೇ.

೬

ಓದಲಾಗದೆ ಉಳಿದ ಕೃಪಾಶರಣರು ತಮ್ಮ ಸಮುದಾಯದ ಮುಂದಿನ ತಲೆಮಾರು ಓದಬೇಕೆಂದು ಪಟ್ಟುಹಿಡಿದರು. ಈ ದಿಕ್ಕಿನಲ್ಲಿ ಅವರಿಗೆ ದೊರೆತ ದೊಡ್ಡ ಆಸರೆ ಸರ್ ಆಶುತೋಷ್ ಮುಖರ್ಜಿ. ೧೯೦೬ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಕುಲಪತಿಗಳಾದ ಆಶುತೋಷರು ಭಾರತೀಯ ವಿದ್ಯೆಗಳ ಉನ್ನತ ಅಧ್ಯಯನಕ್ಕೆ ಬಾಗಿಲು ತೆರೆದರು. ಪಾಲಿ ಬೋಧನೆಗೆ ಸ್ಥಿರವಾದ ನೆಲೆ ದೊರೆತದ್ದು ಈ ಕಾಲದಲ್ಲಿಯೇ. ಗೋವೆಯ ಧರ್ಮಾನಂದ ಕೋಸಂಬಿಯವರು ಅಲ್ಲಿ ಪಾಲಿ ಬೋಧಿಸಿದ ಮೊದಲಿಗರಲ್ಲಿ ಒಬ್ಬರು. ಇದರ ಹಿಂದೆ ಕೃಪಾಶರಣರ ನಿರಂತರ ಒತ್ತಾಯವೂ ಇತ್ತೆಂದು ಸಭೆಯ ಪರಂಪರೆ ಹೇಳುತ್ತದೆ. ವಿಶ್ವವಿದ್ಯಾಲಯಕ್ಕೆ ಪಾಲಿ ಒಂದು ಶಾಸ್ತ್ರೀಯ ಭಾಷೆ. ಬರುವಾಗಳಿಗೆ ಅದು ತಮ್ಮ ನಿತ್ಯದ ತ್ರಿಶರಣದ ಭಾಷೆ. ಒಂದು ಸಮುದಾಯ ಬಾಯಿಪಾಠವಾಗಿ ಉಳಿಸಿಕೊಂಡದ್ದು ಪದವಿಯ ವಿಷಯವಾದಾಗ ಆ ಸಮುದಾಯದ ಮಕ್ಕಳಿಗೆ ವಿಶ್ವವಿದ್ಯಾಲಯದೊಳಗೆ ಹೋಗಲು ತಮ್ಮದೇ ಬಾಗಿಲು ದೊರೆತಂತಾಯಿತು.

ಆ ಬಾಗಿಲಿನಿಂದ ಒಳಹೋದವರಲ್ಲಿ ಪ್ರಮುಖರು ಬೇಣಿಮಾಧವ ಬರುವಾ (೧೮೮೮–೧೯೪೮). ಚಿತ್ತಗಾಂಗಿನ ಹಳ್ಳಿಯಿಂದ ಬಂದು ಪಾಲಿಯಲ್ಲಿ ಸ್ನಾತಕೋತ್ತರ ಪದವಿ ಗಳಿಸಿ, ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿಗೆ ತೆರಳಿದ ಅವರು ೧೯೧೭ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಡಿ.ಲಿಟ್. ಪಡೆದರು, ಈ ಪದವಿ ಪಡೆದ ಮೊದಲ ಏಷ್ಯಾದವರೆಂದು ಹೆಸರಾದರು. ಮರಳಿ ಬಂದು ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಪಾಲಿ ಬೋಧಿಸಿದರು. ೧೯೨೧ರಲ್ಲಿ ಬುದ್ಧಪೂರ್ವ ಭಾರತೀಯ ದರ್ಶನದ ಚರಿತ್ರೆಯನ್ನು ಪ್ರಕಟಿಸಿದರು. ೧೯೩೦ರ ದಶಕದಲ್ಲಿ ಭಾರ್ಹುತ್ ಶಿಲ್ಪಗಳ ಬಗೆಗೆ ವಿಸ್ತಾರವಾದ ಗ್ರಂಥಗಳನ್ನು ಬರೆದರು. ಇಂಡಿಯನ್ ಮ್ಯೂಸಿಯಮ್ಮಿನಲ್ಲಿ ಮೂಕವಾಗಿ ನಿಂತಿದ್ದ ಕಲ್ಲುಗಳ ಜಾತಕಕತೆಗಳನ್ನು ಬಿಡಿಸಿ ಹೇಳಿದವನು ನಗರವು ಒಂದು ಕಾಲಕ್ಕೆ ಅಡುಗೆಯವರೆಂದಷ್ಟೇ ಬಲ್ಲ ಸಮುದಾಯದ ಮಗ. ಮ್ಯೂಸಿಯಮ್ ಮತ್ತು ಅಡುಗೆಮನೆಗಳ ನಡುವಿನ ಅಂತರ ಅರ್ಧ ಶತಮಾನದೊಳಗೆ ಹೀಗೆ ಕರಗಿತು.

ಈ ಯಶಸ್ಸಿನೊಳಗೆ ಒಂದು ಪ್ರಶ್ನೆಯೂ ಅಡಗಿದೆ. ಬುದ್ಧನನ್ನು ಭಾರತದ ಹೆಮ್ಮೆಯೆಂದು ಕೊಂಡಾಡಿದ ಭದ್ರಲೋಕ ಅವನನ್ನು ವಿಷ್ಣುವಿನ ಅವತಾರವೆಂದೂ ಕರೆದು ತನ್ನೊಳಗೆ ಸೇರಿಸಿಕೊಳ್ಳಲು ಸಿದ್ಧವಾಗಿತ್ತು. ಅದರ ಬೆಂಬಲವಿಲ್ಲದೆ ಸಭೆ ಬೆಳೆಯುವಂತಿರಲಿಲ್ಲ. ಬೆಂಬಲ ಅತಿಯಾದರೆ ಸಭೆಯ ಅನನ್ಯತೆ ಉಳಿಯುವಂತಿರಲಿಲ್ಲ. ಕೃಪಾಶರಣರು ಈ ಇಕ್ಕಟ್ಟನ್ನು ವಾದದಿಂದ ಎದುರಿಸಲಿಲ್ಲ, ಆಚರಣೆಯಿಂದ ಎದುರಿಸಿದರು. ವಿನಯದ ನಿಯಮ, ಉಪೋಸಥ, ವರ್ಷಾವಾಸ, ಕಠಿಣ ಚೀವರದಾನ ಮೊದಲಾದವುಗಳ ವಾರ್ಷಿಕ ಕ್ರಮವನ್ನು ವಿಹಾರದಲ್ಲಿ ಸ್ಥಿರಗೊಳಿಸಿದರು. ಗೌರವಾನ್ವಿತ ಹಿಂದೂ ಅತಿಥಿಗಳಿಗೆ ಬಾಗಿಲು ತೆರೆದಿತ್ತು. ಆದರೆ ಒಳಗಿನ ಪಂಚಾಂಗ ಬೌದ್ಧರದಾಗಿತ್ತು. ಗುರುತಿನ ರಕ್ಷಣೆ ಗೋಡೆಗಿಂತ ದಿನಚರಿಯಿಂದ ಆಗುತ್ತದೆ ಎಂಬ ತಿಳಿವಳಿಕೆ ಇಲ್ಲಿದೆ.

೭

೧೯೧೧ರಲ್ಲಿ ರಾಜಧಾನಿಯನ್ನು ದೆಹಲಿಗೆ ಒಯ್ಯುವ ನಿರ್ಧಾರ ಪ್ರಕಟವಾಯಿತು. ೧೯೨೦ರಲ್ಲಿ ಮಹಾಬೋಧಿ ಸೊಸೈಟಿಯ ಧರ್ಮರಾಜಿಕ ವಿಹಾರ ಕಾಲೇಜ್ ಸ್ಕ್ವೇರಿನ ಬಳಿ ಆರಂಭವಾಗಿ ನಗರದ ಬೌದ್ಧ ಬದುಕಿಗೆ ಮತ್ತೊಂದು ಕೇಂದ್ರ ದೊರೆಯಿತು. ಕೃಪಾಶರಣರು ಪ್ರವಾಸವನ್ನು ನಿಲ್ಲಿಸಲಿಲ್ಲ. ೧೯೨೬ರ ಏಪ್ರಿಲ್‌ನಲ್ಲಿ, ಅರವತ್ತೊಂದು ತುಂಬುವ ಮೊದಲೇ, ಅವರು ತೀರಿಕೊಂಡರು. ಬಿಟ್ಟುಹೋದದ್ದು ಗ್ರಂಥರಾಶಿಯನ್ನಲ್ಲ. ಒಂದು ವಿಹಾರ, ಒಂದು ಪತ್ರಿಕೆ, ಹಲವು ಶಾಖೆಗಳು ಮತ್ತು ತನ್ನನ್ನು ತಾನು ಬೇರೆ ಹೆಸರಿನಿಂದ ಕರೆದುಕೊಳ್ಳಲು ಕಲಿತ ಒಂದು ಸಮುದಾಯ.

ಅವರು ಕಟ್ಟಿದ್ದರ ನಿಜವಾದ ಪರೀಕ್ಷೆ ನಡೆದದ್ದು ಅವರ ಕಾಲಾನಂತರ. ೧೯೪೭ರ ವಿಭಜನೆಯಲ್ಲಿ ಚಿತ್ತಗಾಂಗ್ ಪೂರ್ವ ಪಾಕಿಸ್ತಾನಕ್ಕೆ ಸೇರಿತು. ಬಿಡುವು ಸಿಕ್ಕಾಗ ಊರಿಗೆ ಹೋಗಿಬರುತ್ತಿದ್ದ ಕಲ್ಕತ್ತದ ಬರುವಾಗಳಿಗೆ ಊರು ಹೊರದೇಶವಾಯಿತು. ಅಲ್ಲಿಂದ ಹೊರಟವರಿಗೆ ಕಲ್ಕತ್ತವೇ ಊರಾಗಬೇಕಾಯಿತು. ೧೯೭೧ರ ಬಾಂಗ್ಲಾದೇಶ ವಿಮೋಚನಾ ಯುದ್ಧದ ಕಾಲದಲ್ಲಿ ಮತ್ತೆ ನಿರಾಶ್ರಿತರು ಬಂದರು. ದುಡಿಮೆಗಾಗಿ ಬಂದವರ ಆಸರೆಯಾಗಿ ಹುಟ್ಟಿದ ಸಭೆ ನೆಲೆ ಕಳೆದುಕೊಂಡವರ ನೆಲೆಯಾಯಿತು. ಕೃಪಾಶರಣರು ಬಂಗಾಳಿ ಭಾಷೆಯೊಂದಿಗೆ ಬೆಸೆದ ಬೌದ್ಧ ಅಸ್ಮಿತೆಯು ಗಡಿರೇಖೆ ಎಳೆದ ಮೇಲೂ ಉಳಿಯಿತು. ಅದು ಯಾವುದೇ ಒಂದು ಜಿಲ್ಲೆಗೆ ಮಾತ್ರ ಕಟ್ಟುಬಿದ್ದಿರಲಿಲ್ಲ.

ಬಹುಸಂಸ್ಕೃತ ನಗರವು ತನ್ನಲ್ಲಿ ಸೇರಿದ ಎಲ್ಲರಿಗೂ ಸ್ಥಳ ಕೊಡುತ್ತದೆಯೆಂಬ ಮಾತು ಅರ್ಧ ನಿಜ. ನಗರ ಕೊಡುವುದು ಕೆಲಸವನ್ನು. ಸ್ಥಳವನ್ನು ವಲಸಿಗರೇ ಸಂಪಾದಿಸಿಕೊಳ್ಳಬೇಕು. ಬಹುಬಜಾರಿನ ಬೀದಿಯೊಂದಕ್ಕೆ ಇಂದು ಬೌದ್ಧ ದೇಗುಲದ ಹೆಸರಿದ್ದರೆ ಅದು ನಗರದ ಔದಾರ್ಯದಿಂದ ತಾನಾಗಿ ಬಂದದ್ದಲ್ಲ. ಪರರ ಮನೆಯ ಒಲೆಯ ಮುಂದೆ ದುಡಿದವರ ಸಂಬಳದ ಕಾಸುಗಳು ಮತ್ತು ಆ ಕಾಸುಗಳಿಗಾಗಿ ಬಿಡಾರದಿಂದ ಬಿಡಾರಕ್ಕೆ ನಡೆದ, ತಾನೂ ಬಾಲ್ಯದಲ್ಲಿ ಅನ್ಯರ ಮನೆಯಲ್ಲಿ ದುಡಿದಿದ್ದ ಭಿಕ್ಷುವೊಬ್ಬರ ಕಾಲ್ನಡಿಗೆ ಆ ಹೆಸರಿನ ಹಿಂದಿವೆ.